ಎರಡು ಮೂಲೆ ಅರಿಶಿನ

ಜೂನ್ ಹದಿನಾರು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಹಾಸನದ ನಮ್ಮ ಮನೆಯ ಊಟದ ಮೇಜು, ಎದುರಿಗೆ ಆರಿದ ಕಾಫಿ. ನಾನು ನಿವೃತ್ತಳಾಗಿ ಹದಿನೈದು ದಿನ ಕಳೆಯಿತು. ವಯಸ್ಸು ಇಪ್ಪತ್ತೊಂಬತ್ತು.

ನಗಬೇಡಿ. ನಾನು ಕೆಲಸ ಮಾಡುತ್ತಿದ್ದ ತರಬೇತಿ ಮಾಹಿತಿ ಕೇಂದ್ರಕ್ಕೆ 'ಯೋಜನೆಯ ಅವಧಿ ಮುಗಿದಿದೆ' ಎಂದು ಒಂದು ಸಾಲಿನ ಕಾಗದ ಬಂತು. ನಿನ್ನ ಕೆಲಸ ಹೋಯಿತು ಎಂದು ಬಾಯಿಬಿಟ್ಟು ಹೇಳಲು ಕಚೇರಿಯವರಿಗೆ ಸಂಕೋಚ. ಬೀಳ್ಕೊಡುಗೆ ಎಂದರೆ ಅವರಿಗೆ ಗೊತ್ತಿದ್ದದ್ದೂ ಒಂದೇ ಬಗೆ. ಹಾಗಾಗಿ ನನಗೂ ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು. ಭಾಷಣಕ್ಕೆ ಬಂದಿದ್ದ ಹಿರಿಯರು ರೂಢಿಯಂತೆ, "ಇವರ ವಿಶ್ರಾಂತ ಜೀವನ ಮೊಮ್ಮಕ್ಕಳೊಂದಿಗೆ ಸುಖವಾಗಿ ಕಳೆಯಲಿ" ಎಂದು ಹಾರೈಸಿದರು. ನನಗಿನ್ನೂ ಮದುವೆಯಾಗಿಲ್ಲ. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು.

ಇಂಥದೇ ಕೆಲಸದ ಹೊಸ ಕೇಂದ್ರವೊಂದು ಮುಂದಿನ ತಿಂಗಳು ಶುರುವಾಗುತ್ತದಂತೆ. ಅಲ್ಲಿಗೆ ಸೇರುವ ಇಬ್ಬರು ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಕೆಲ್ಸ ನಿಜವಾಗ್ಲೂ ಏನಿರುತ್ತೆ?" ಎಂದು ಕೇಳಿದರು. ಅವರಿಗಾಗಿ ಈ ಬರಹ. ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ಯಾವ ದಿನ ಯಾವ ಊರು, ಎಷ್ಟು ಜನ ಬಂದರು, ಯಾವ ಬಸ್ಸು ಕೈಕೊಟ್ಟಿತು, ಎಲ್ಲ ಇದೆ. ಆದರೆ ನಿಮಗೆ ಉಪಯೋಗಕ್ಕೆ ಬರುವುದು ಆ ಲೆಕ್ಕವಲ್ಲ.

ಕೆಲಸ ಇಷ್ಟೇ. ಎಸಿ ರಿಪೇರಿ, ಆಸ್ಪತ್ರೆ ಸಹಾಯಕರು, ಹೊಲಿಗೆ, ಡ್ರೋನ್ ಹಾರಿಸುವುದು, ಹೀಗೆ ಯಾವುದೇ ವೃತ್ತಿ ತರಬೇತಿಗೆ ಸೇರುವವರು ಅರ್ಜಿಯ ಜೊತೆ ಒಂದು ಪುಟದ ಪತ್ರ ಕೊಡಬೇಕು. ಈ ತರಬೇತಿ ನನಗೆ ಯಾಕೆ ಬೇಕು, ಕಲಿತು ಏನು ಮಾಡುತ್ತೇನೆ ಎಂದು ಅದರಲ್ಲಿ ಹೇಳಬೇಕು. ಇಂಗ್ಲಿಷಿನವರಿಗೆ ಇದು ಲೆಟರ್ ಆಫ್ ಇಂಟೆಂಟ್. ನಮ್ಮ ಬೋರ್ಡಿನ ಮೇಲೆ ಆಶಯ ಪತ್ರ. ಜನರ ಬಾಯಲ್ಲಿ 'ಯಾಕ್ ಪತ್ರ'. "ಮೇಡಂ, ನಮ್ಮುಡ್ಗುಂಗೆ ಒಂದು ಯಾಕ್ ಪತ್ರ ಬರ್ಕೊಡಿ" ಎಂದು ಬರುತ್ತಿದ್ದರು. ಮೂರರಲ್ಲಿ ಇದೇ ಸರಿಯಾದ ಹೆಸರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸೋಮವಾರ ಹಾಸನ, ಮಂಗಳವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ. ಸಂತೆಯ ದಿನ ಕೊಣನೂರು. ಒಂದು ಲ್ಯಾಪ್‌ಟಾಪು, ಒಂದು ಸಣ್ಣ ಪ್ರಿಂಟರು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ ಪ್ರಯಾಣ. ಕಂಡಕ್ಟರ್‌ಗಳೆಲ್ಲ ಅದಕ್ಕೆ ಅರ್ಧ ಟಿಕೆಟ್ ತಗೋಬೇಕು ಎಂದು ರೇಗಿಸುತ್ತಿದ್ದರು.

ಮೊದಲ ಪಾಠ ಕಲಿಸಿದ್ದು ಹೊಳೆನರಸೀಪುರ. ಒಂದು ಮಂಗಳವಾರ ಹಳೇಕೋಟೆ ಕಡೆಯಿಂದ ಹುಡುಗರ ಗುಂಪೊಂದು ಎಸಿ ರಿಪೇರಿ ತರಬೇತಿಗೆ ಬಂತು. ಒಬ್ಬೊಬ್ಬರ ಪತ್ರವೂ 'ಬಾಲ್ಯದಿಂದಲೂ ನನಗೆ ಎಸಿ ದುರಸ್ತಿಯಲ್ಲಿ ಅಪಾರ ಆಸಕ್ತಿ' ಎಂದೇ ಶುರು. ನಾನು ಒಬ್ಬನನ್ನು ಕೇಳಿದೆ, "ನಿಮ್ಮೂರಲ್ಲಿ ಎಸಿ ಯಾರ ಮನೇಲಿದೆ?"

"ಯಾರ್ ಮನೇಲೂ ಇಲ್ಲ ಮೇಡಂ."

"ಮತ್ತೆ ಬಾಲ್ಯದಲ್ಲಿ ಎಲ್ಲಿ ನೋಡ್ದೆ?"

ಅವನು ಯೋಚಿಸಿದ. "ಹಾಸನದಲ್ಲಿ ಎಟಿಎಂ ಒಳಗೆ ಮೇಡಂ. ಬ್ಯಾಸ್ಗೇಲಿ ದುಡ್ ತೆಗೀದಿದ್ರೂ ಓಗಿ ನಿಂತ್ಕಳ್ತಿದ್ದೆ. ವಾಚ್‌ಮನ್ ಓಡಿಸ್ತಿದ್ದ."

"ಇದನ್ನೇ ಬರಿ," ಎಂದೆ. ಅವನಿಗೆ ನಾಚಿಕೆ. ಕೊನೆಗೆ ಬರೆದ. ಆ ಗುಂಪಿನಲ್ಲಿ ಮೊದಲು ಕರೆ ಬಂದದ್ದು ಅವನಿಗೇ.

ಈಗ ನಮ್ಮ ಮೇಲಧಿಕಾರಿ ನಂಜುಂಡಯ್ಯ ಸರ್ ಬಗ್ಗೆ ಹೇಳಬೇಕು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ನಮ್ಮ ಕೇಂದ್ರಕ್ಕೆ ಬಂದವರು. ಅವರ ಪ್ರಕಾರ ಪ್ರಪಂಚದಲ್ಲಿ ಇರುವುದು ಒಂದೇ ಬಗೆಯ ಪತ್ರ, ಅರ್ಜಿ. 'ತಮ್ಮ ಸನ್ನಿಧಾನದಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುವಾಗಬೇಕು, ಎರಡನೇ ಸಾಲಿನಲ್ಲಿ ಬಡತನ ಬರಬೇಕು.

"ಬಡತನ ಇಲ್ಲದೆ ಇರೋರಿಗೆ ಸರ್?"

"ಹುಡುಕಿದ್ರೆ ಸಿಕ್ಕತ್ತಮ್ಮ."

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯ ಮಗನೊಬ್ಬ ಬಂದಿದ್ದ. ಸರ್ ಖುದ್ದಾಗಿ ಅವನ ಪತ್ರ ಬರೆದು ಅವನನ್ನು 'ಕಡುಬಡವನೂ ಅನ್ಯ ಆಧಾರವಿಲ್ಲದವನೂ' ಮಾಡಿದರು. ಹುಡುಗ ಓದದೆ ಸಹಿ ಹಾಕಿದ. ಸಂದರ್ಶನಕ್ಕೆ ಹೋದದ್ದು ಹೊಸ ಬುಲೆಟ್ ಮೇಲೆ, ಗಡಗಡ ಸದ್ದು ಮಾಡುತ್ತ, ಸಂದರ್ಶಕರು ಕೂತಿದ್ದ ಕಿಟಕಿಯ ಕೆಳಗೇ ನಿಲ್ಲಿಸಿ. ಅವನು ಒಳಗೆ ಕಾಲಿಟ್ಟ ಕೂಡಲೇ, "ಆಧಾರ ಇಲ್ಲದವರು ಬಂದ್ರಾ? ಬನ್ನಿ, ಸ್ಟ್ಯಾಂಡ್ ಹಾಕಿದೀರಾ?" ಎಂದರಂತೆ. ಅವನ ತಂದೆ ಮಾರನೇ ದಿನ ಕೇಂದ್ರಕ್ಕೆ ಬಂದು, ಊರಲ್ಲಿ ನನಗೆ ಸಾಲ ಕೊಡುವವರ ನಂಬಿಕೆಯೇ ಹೋಯಿತು ಎಂದು ಸರ್ ಎದುರು ಕೂಗಾಡಿದರು. ಸರ್ ಒಂದು ವಾರ ಬಡತನದ ಸುದ್ದಿ ಎತ್ತಲಿಲ್ಲ.

ಎರಡನೇ ಪಾಠ ರಾಮನಾಥಪುರದ್ದು. ಅಲ್ಲಿನ ಹೊಗೆಸೊಪ್ಪಿನ ರೈತರೊಬ್ಬರು ಮಗಳ ಪತ್ರಕ್ಕೆ ಬಂದಿದ್ದರು. ನಾನು ಮೊದಲ ಸಾಲನ್ನು ಚಂದ ಮಾಡಲು ಒದ್ದಾಡುತ್ತಿದ್ದೆ. ಅವರು ನೋಡುವಷ್ಟು ನೋಡಿ, "ಕೂಸೇ, ಮೇಲಿನ್ ಎಲೆಗೆ ಯಾಕಿಷ್ಟ್ ಒದ್ದಾಡ್ತೀಯೆ? ಹರಾಜಲ್ಲಿ ಮೇಲಿನ್ ಎಲೆ ಯಾರೂ ನೋಡಕಿಲ್ಲ ಕಣವ್ವ. ಸೊಪ್ಪಿನ್ ಕಟ್ಟಿನ್ ನಡುವಿಕ್ ಕೈ ಆಕಿ ಒಂದ್ ಎಳ್ಕತಾರೆ. ಅದು ನೆಟ್ಟಗಿದ್ರೆ ರೇಟು" ಎಂದರು. ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಯಾರೇ ಪತ್ರ ತಂದರೂ ನಡುವಿನ ಒಂದು ಸಾಲಿಗೆ ಬೆರಳಿಟ್ಟು, "ಇದರ ಮುಂದಿನದು ಬಾಯಲ್ಲಿ ಹೇಳಿ" ಎನ್ನುತ್ತಿದ್ದೆ. ಹೇಳಲು ಬಂದರೆ ಆ ಸಾಲು ಅವರದು. ಬಾರದಿದ್ದರೆ ಫೋನಿನದು.

ಹೌದು, ಆಮೇಲೆ ಫೋನು ಬಂತು. ಏನು ಕೇಳಿದರೂ ಚಿಟಿಕೆಯಲ್ಲಿ ಬರೆದುಕೊಡುವ ಫೋನು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆದದ್ದೇ ಬೇರೆ. ಅರಕಲಗೂಡಿನವರೂ ಚನ್ನರಾಯಪಟ್ಟಣದವರೂ ಒಂದೇ ವಾರ ಒಂದೇ ಪತ್ರ ತರಲಾರಂಭಿಸಿದರು. ಹೊಲಿಗೆಯವರಿಗೂ ಡ್ರೋನಿನವರಿಗೂ 'ನನ್ನ ವೃತ್ತಿಪರ ಪಯಣ' ಒಂದೇ ದಾರಿಯಲ್ಲಿ ಸಾಗುತ್ತಿತ್ತು. ನನಗೆ ಮೊದಲಿಗಿಂತ ಹೆಚ್ಚು ಕೆಲಸವಾಯಿತು.

ಇನ್ನೊಂದು ತೊಡಕು ಅರಿಶಿನದ್ದು. ನಮ್ಮ ಕಡೆ ಲಗ್ನಪತ್ರಿಕೆಯೇ ಆಗಲಿ, ಗೃಹಪ್ರವೇಶದ ಕರೆಯೋಲೆಯೇ ಆಗಲಿ, ಶುಭದ ಕಾಗದ ಮನೆ ದಾಟುವ ಮೊದಲು ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾರೆ. ಮಗ ಕೆಲಸ ಕಲಿಯಲು ಹೋಗುವುದೂ ಶುಭವೇ ತಾನೆ? ಯಾಕ್ ಪತ್ರಗಳು ಮನೆಗೆ ಹೋಗಿ ಸಹಿಯಾಗಿ ಬರುವಾಗ ನಾಲ್ಕೂ ಮೂಲೆ ಹಳದಿಯಾಗಿ ಬರುತ್ತಿದ್ದವು. ತರಬೇತಿ ಸಂಸ್ಥೆಗಳ ನಿಯಮದಲ್ಲಿ ಮಾತ್ರ 'ಕಲೆ, ತಿದ್ದುಪಡಿ ಇರುವ ಪತ್ರಗಳನ್ನು ಪರಿಗಣಿಸುವುದಿಲ್ಲ' ಎಂದಿರುತ್ತಿತ್ತು. ನಂಜುಂಡಯ್ಯ ಸರ್ ಒಂದೊಂದನ್ನೂ ಎತ್ತಿ ಹಿಡಿದು, "ಇದೇನು, ಎಸಿ ಜೊತೆ ಮದುವೇನಾ?" ಎನ್ನುತ್ತಿದ್ದರು.

ನಾನು ಕಂಡುಕೊಂಡ ಉಪಾಯ ಎರಡು ಪ್ರತಿ. ಒಂದು ದೇವರ ಪ್ರತಿ. ಅದಕ್ಕೆ ಬೇಕಾದಷ್ಟು ಅರಿಶಿನ ಹಚ್ಚಿ ದೇವರ ಗೂಡಿನಲ್ಲಿ ಇಡಿ. ಇನ್ನೊಂದು ಕಚೇರಿ ಪ್ರತಿ. ಅದಕ್ಕೆ ಸಹಿ ಮಾತ್ರ. ಈ ಪದ್ಧತಿ ಹೋದ ಊರುಗಳಲ್ಲೆಲ್ಲ ನಡೆಯಿತು. ನನ್ನ ವೃತ್ತಿಜೀವನದ ಏಕೈಕ ಸಂಶೋಧನೆ ಎಂದು ಹೆಮ್ಮೆಪಡುತ್ತಿದ್ದೆ, ಕೊಣನೂರಿನ ಪುಟ್ಟಮ್ಮಜ್ಜಿ ಬರುವವರೆಗೆ.

ಕಳೆದ ವರ್ಷದ ಮಾತು. ಸಂತೆಯ ದಿನ ನಡುಮಧ್ಯಾಹ್ನ ಇಪ್ಪತ್ತೆರಡರ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಬಂದಳು. ಹುಡುಗಿಯ ಹೆಸರು ಚೈತ್ರ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದ್ದಳು. ಮೈಸೂರಿನಲ್ಲಿ ಲಿಫ್ಟ್ ಮೆಕ್ಯಾನಿಕ್ ತರಬೇತಿ, ಹತ್ತು ತಿಂಗಳು, ಹಾಸ್ಟೆಲ್ಲಿನಲ್ಲಿದ್ದು ಕಲಿಯಬೇಕು. ಆ ಸಲ ಸೀಟು ಸಿಗದಿದ್ದರೆ ಅವಳ ಸೋದರಮಾವ ಹಾಸನದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾತಾಡಿಟ್ಟಿದ್ದರು. ಒಮ್ಮೆ ಅಲ್ಲಿ ಕೂತರೆ ಮತ್ತೆ ಮನೆಯಲ್ಲಿ ಈ ಸುದ್ದಿ ಯಾರೂ ಎತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪತ್ರದ ಕೆಳಗೆ ಮನೆಯ ಹಿರಿಯರ ಸಹಿ ಬೇಕಿತ್ತು. ಅಪ್ಪ ಅಮ್ಮ ಇದ್ದರು. ಆದರೆ ಆ ಮನೆಯಲ್ಲಿ ಹಿರಿಯರು ಎಂದರೆ ಅಜ್ಜಿ. ಅಜ್ಜಿಗೆ ಲಿಫ್ಟ್ ಎಂದರೆ ಆಗದು.

ಚೈತ್ರಳ ಪತ್ರ ಹೀಗಿತ್ತು: 'ಬಾಲ್ಯದಿಂದಲೂ ಲಂಬ ಸಾರಿಗೆ ಕ್ಷೇತ್ರದಲ್ಲಿ ನನಗೆ ಅಪಾರ ಆಸಕ್ತಿ.' ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಎಲೆಯಡಿಕೆಯ ಬಾಯಿ ಪಕ್ಕಕ್ಕೆ ತಿರುಗಿಸಿ, "ಬಾಲ್ಯದಲ್ಲಿ ಇವ್ಳು ಹಲಸಿನ ಮರ ಅತ್ತಿ ಇಳಿಯಕ್ಕಾಗ್ದೆ ಅಳ್ತಿದ್ಲು ಕಣವ್ವ. ಅದೇ ಇವ್ಳ ಲಂಬ" ಎಂದರು.

"ಅಜ್ಜೀ, ಸುಮ್ಕಿರು," ಎಂದಳು ಚೈತ್ರ.

ನಾನು ಕಾಗದ ಮಡಿಸಿಟ್ಟು, "ಯಾಕೆ ಬೇಕು, ಬಾಯಲ್ಲಿ ಹೇಳು" ಎಂದೆ.

ಹಾಸನದ ಒಂದು ಆಸ್ಪತ್ರೆಯಲ್ಲಿ ನೆಂಟರೊಬ್ಬರನ್ನು ನೋಡಲು ಇಬ್ಬರೂ ಹೋಗಿದ್ದರಂತೆ. ಲಿಫ್ಟು ಎರಡು ಮಹಡಿಯ ನಡುವೆ ನಿಂತಿತು. ಒಳಗೆ ಇವರಿಬ್ಬರು, ಒಂದು ಡಬ್ಬಿ ಇಡ್ಲಿ.

"ಅರ್ಧ ಗಂಟೆ ಕಣವ್ವ," ಎಂದು ಅಜ್ಜಿ ನಡುವೆ ಬಂದರು. "ಕಣಜದೊಳ್ಗೆ ಬಿದ್ದಂಗಾಯ್ತು. ನಿಂತ್ ಜಾಗ್ದಲ್ಲೇ ಮನೆದ್ಯಾವ್ರಿಗೆ ಎರಡು ಅರಕೆ ಕಟ್ಕಂಡೆ."

"ಎರಡು ಯಾಕಜ್ಜಿ?"

"ಒಂದು ಬಾಗ್ಲು ತೆಗೀಲಿ ಅಂತ. ಇನ್ನೊಂದು, ನಾ ಈಚ್ಗೆ ಬರೋಗಂಟ ಮುಚ್ಕಳ್ದಿರ್ಲಿ ಅಂತ."

ಚೈತ್ರ ನಕ್ಕಳು. ಆಮೇಲೆ ಅವಳ ಮುಖವೇ ಬೇರೆಯಾಯಿತು. "ಮೆಕ್ಯಾನಿಕ್ ಬಂದು ಸಣ್ಣ ಕೀಲಿ ಹಾಕಿ ಬಾಗ್ಲು ತೆಗೆದ್ರು ಅಕ್ಕ. ಎಲ್ರೂ ಅಜ್ಜಿನ ಇಳಿಸ್ತಿದ್ರು. ನಾನು ಇಳಿದ್ಮೇಲೆ ಸಂದೀಲಿ ಮೇಲಕ್ಕೆ ನೋಡ್ದೆ. ಉಕ್ಕಿನ ಹಗ್ಗ, ದೊಡ್ಡ ಚಕ್ರ. ನಮ್ಮ ಬಾವಿ ರಾಟೆಗೆ ಎರಡು ಬಿಂದಿಗೆ ಕಟ್ಟಿದಂಗೆ. ಒಂದು ಇಳಿದ್ರೆ ಒಂದು ಏರ್ತದೆ. ಇಷ್ಟೇನಾ ಅನ್ನಿಸ್ತು. ಇಷ್ಟು ಗೊತ್ತಿದ್ದಿದ್ರೆ ಅಜ್ಜಿಗೆ ಒಳಗೇ ಹೇಳಿ ಧೈರ್ಯ ತುಂಬಬೋದಿತ್ತು. ಅವತ್ತು ಅಜ್ಜಿ ಕೈ ಬಿಗಿಯಾಗಿ ಹಿಡ್ಕಂಡು ನನಗೇ ನಡುಕ ಬಂದಿತ್ತು."

ನಾನು ಒಂದು ಅಕ್ಷರ ಬದಲಿಸದೆ ಟೈಪ್ ಮಾಡಿದೆ. ರಾಟೆ, ಬಿಂದಿಗೆ, ಇಡ್ಲಿ, ನಡುಕ, ಎಲ್ಲ. ಎರಡು ಪ್ರತಿ ತೆಗೆದು ನನ್ನ ಸಂಶೋಧನೆಯನ್ನು ವಿವರಿಸಿದೆ. ಅಜ್ಜಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

"ಎರಡ್ರಲ್ಲಿ ನಿಜದ್ದು ಯಾವ್ದವ್ವ?"

"ಎರಡೂ ನಿಜಾನೇ ಅಜ್ಜಿ."

"ಅದೆಂಗಾದಾತು? ಅರಿಶ್ನ ಇಲ್ದಿದ್ ಕಾಗ್ದ ತಿಥಿ ಕಾಗ್ದ ಕಣವ್ವ."

"ನಾನಿನ್ನೂ ಒಪ್ಪಿಲ್ಲ" ಎಂದು ಹೇಳಿ ಅಜ್ಜಿ ಸಂತೆಗೆ ಎದ್ದು ಹೋದರು. ಚೈತ್ರ ಎರಡೂ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹಿಂದೆ ಓಡಿದಳು.

ಪತ್ರ ತಲುಪಿಸಲು ಇನ್ನೆರಡು ವಾರವಿತ್ತು. ಮುಂದಿನ ಸಂತೆಯ ದಿನ ಚೈತ್ರ ಒಬ್ಬಳೇ ಬಂದು, "ಅಜ್ಜಿ ಕಾಗ್ದಕ್ಕೆ ಅರಿಶಿನ ಮುಟ್ಟಿಸ್ತಾನೇ ಇಲ್ಲ ಅಕ್ಕ" ಎಂದಳು. ಮನೆಯಲ್ಲಿ ಜಗಳವಿಲ್ಲ, ಬೈಗುಳವಿಲ್ಲ. ಅಜ್ಜಿ ದಿನಾ ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದರು, ಪಕ್ಕದ ಗೂಡಿನಲ್ಲಿದ್ದ ಕಾಗದವನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದರು. ಸೋದರಮಾವ ಆಗಲೇ ಹಾಸನದಲ್ಲಿ ರೂಮು ನೋಡಿದ್ದರು.

ಕೊನೆಯ ದಿನ. ಸಂಜೆ ಐದಕ್ಕೆ ಪತ್ರಗಳ ಕಟ್ಟು ಹಾಸನದ ನಮ್ಮ ಕಚೇರಿಯಿಂದ ಮೈಸೂರಿಗೆ ಹೊರಡಬೇಕು. ನಾಲ್ಕು ದಾಟಿದ ಮೇಲೆ ಚೈತ್ರ ಓಡುತ್ತ ಬಂದಳು, ಕೈಯಲ್ಲಿ ಅಂಟಿಸಿದ ಲಕೋಟೆ. "ಅಜ್ಜಿ ಸಹಿ ಹಾಕ್ತು ಅಕ್ಕ! ಲಕೋಟೇನೂ ತಾನೇ ಅಂಟಿಸಿ ಕೊಡ್ತು!"

ತೆರೆದೆವು. ಕಾಗದ ಹಳದಿ. ಕೆಳಗೆ ಅಜ್ಜಿಯ ದಪ್ಪ ಅಕ್ಷರದ ಸಹಿ. ಆದರೆ ಅರಿಶಿನ ಮೇಲಿನ ಎರಡು ಮೂಲೆಗೆ ಮಾತ್ರ. ಕೆಳಗಿನ ಎರಡು ಖಾಲಿ.

ಚೈತ್ರ ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅಜ್ಜಿಯ ದನಿ ಇಡೀ ಕಚೇರಿಗೆ ಕೇಳಿತು.

"ಅಜ್ಜೀ, ಆಪೀಸಿಂದು ದೇವ್ರ ಗೂಡಲ್ಲಿಟ್ಟು ದೇವ್ರುದು ಕಳ್ಸಿದ್ಯಲ್ಲ!"

"ತಿಳ್ದೇ ಮಾಡಿವ್ನಿ ಕಣೇ. ದ್ಯಾವ್ರಿಗೆ ಬರೀ ಕಾಗ್ದ ಸಾಕು, ಅವ್ನಿಗೆ ಎಲ್ಲ ಗೊತ್ತೈತೆ. ಗೊತ್ತಿಲ್ದೋರು ಆ ಆಪೀಸ್ನೋರು."

"ಎರಡೇ ಮೂಲೆಗೆ ಯಾಕಜ್ಜಿ ಹಚ್ದೆ?"

"ಎರಡು ಈಗ. ಇನ್ನೆರಡು ಬಾಕಿ. ನೀ ಕಲ್ತು ಬಂದು ನನ್ನ ಆ ಡಬ್ಬಿಗೆ ಅತ್ಸಿ, ನೆಟ್ಟಗೆ ಇಳ್ಸು. ಆಗ ಅಚ್ತೀನಿ. ಓಗು, ಬಸ್ಸಿಗೆ ಒತ್ತಾಯ್ತದೆ." ಫೋನಿಟ್ಟರು.

ಹೊಸ ಪ್ರತಿ ತೆಗೆಯುವುದು ಕಷ್ಟವಲ್ಲ. ಆದರೆ ಸಹಿ? ಕೊಣನೂರಿಗೆ ಹೋಗಿ ಬರಲು ಸಮಯವಿಲ್ಲ. ನಂಜುಂಡಯ್ಯ ಸರ್ ಕಾಗದ ಕೈಗೆತ್ತಿಕೊಂಡರು. ಈಗ 'ಮದುವೇನಾ' ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಕನ್ನಡಕ ಏರಿಸಿ ಪತ್ರವನ್ನು ಪೂರ್ತಿ ಓದಿದರು, ಇಡ್ಲಿ ಡಬ್ಬಿಯ ಸಾಲಿಗೆ ತುಟಿ ಕಚ್ಚಿದರು. ಆಮೇಲೆ ತಮ್ಮ ಹಳೆಯ ಪೆನ್ನು ತೆಗೆದು, ಕೇಂದ್ರದ ತಲೆಬರಹವಿದ್ದ ಹಾಳೆಯ ಮೇಲೆ ಬರೆದರು. ಅದನ್ನು ಅಂದೇ ನನ್ನ ದಿನಚರಿಗೆ ನಕಲು ಮಾಡಿಕೊಂಡಿದ್ದೇನೆ:

'ಸದರಿ ಅಭ್ಯರ್ಥಿಯ ಆಶಯ ಪತ್ರದ ಮೇಲ್ಭಾಗದ ಎರಡು ಮೂಲೆಗಳಲ್ಲಿ ಕಂಡುಬರುವ ಹಳದಿ ವರ್ಣವು ಕಲೆಯಾಗಿರದೆ, ಮನೆಯ ಹಿರಿಯರ ಭಾಗಶಃ ಸಮ್ಮತಿಯಾಗಿರುತ್ತದೆಂದು ಈ ಮೂಲಕ ದೃಢೀಕರಿಸಲಾಗಿದೆ. ಉಳಿಕೆ ಸಮ್ಮತಿಯು ಕಾರ್ಯನಿರ್ವಹಣೆಯ ತರುವಾಯ ಸಂದಾಯವಾಗತಕ್ಕದ್ದು.'

ಕೆಳಗೆ ಸಹಿ, ಸಹಿಯ ಮೇಲೆ ದುಂಡು ಸೀಲು. "ಸೀಲಿದ್ರೆ ಯಾರೂ ಮಾತಾಡಲ್ಲ" ಎಂದರು. ಇಷ್ಟು ವರ್ಷ ನಾನು ಗೇಲಿ ಮಾಡಿದ ಆ ಭಾಷೆ ಒಮ್ಮೆಯಾದರೂ ಹುಟ್ಟಿದ ಉದ್ದೇಶಕ್ಕೆ ಬಂತು ಅನ್ನಿಸಿತು.

ಹತ್ತು ದಿನ ಸುದ್ದಿಯಿಲ್ಲ. ಹನ್ನೊಂದನೇ ದಿನ ಚೈತ್ರಳಿಗೆ ಕರೆ ಬಂತು. ಸಂದರ್ಶನದಲ್ಲಿ ಮೂವರಿದ್ದರಂತೆ. ಮೊದಲನೆಯವರು ಪತ್ರ ಎತ್ತಿ, "ಏನಮ್ಮ ಇದು, ಅರ್ಧ ಹಳದಿ?" ಎಂದರು. ಇವಳು ಇದ್ದದ್ದನ್ನು ಇದ್ದಂತೆ ಹೇಳಿದಳು. "ನಮ್ಮಜ್ಜಿ ಎರಡು ಮೂಲೆ ಬಾಕಿ ಇಟ್ಟವ್ರೆ ಸಾ. ಕಲ್ತು ಲಿಫ್ಟಲ್ಲಿ ಕರ್ಕೊಂಡೋದ್ರೆ ತೀರಿಸ್ತಾರಂತೆ." ತುದಿಯಲ್ಲಿ ಕೂತಿದ್ದ, ತಲೆ ನರೆತ ಮೆಕ್ಯಾನಿಕ್ ಒಬ್ಬರು ಜೋರಾಗಿ ನಕ್ಕು, "ನಾನು ಇಷ್ಟು ವರ್ಷ ಲಿಫ್ಟ್ ಕೂರಿಸಿದೀನಿ. ನಮ್ಮಮ್ಮ ಇವತ್ತಿಗೂ ಮೆಟ್ಲಲ್ಲೇ ಬರೋದು" ಎಂದರು. ಆಮೇಲೆ ಪತ್ರದ ನಡುವೆ ಬೆರಳಿಟ್ಟು, "ಈ ಬಿಂದಿಗೆ ವಿಷ್ಯ ಬಿಡಿಸಿ ಹೇಳಮ್ಮ" ಎಂದರಂತೆ. ಹರಾಜಿನವರ ಹಾಗೆ ಅವರೂ ನಡುವಿನ ಎಲೆಯನ್ನೇ ಎಳೆದಿದ್ದರು. ಅವಳು ಹೇಳಿದಳು. ಸೀಟು ಸಿಕ್ಕಿತು.

ಹತ್ತು ತಿಂಗಳು ಮುಗಿಸಿ ಚೈತ್ರ ಹಾಸನಕ್ಕೇ ಲಿಫ್ಟ್ ನೋಡಿಕೊಳ್ಳುವ ಕೆಲಸಕ್ಕೆ ಬಂದಳು. ನಾನು ನಿವೃತ್ತಳಾಗುವ ಹಿಂದಿನ ಭಾನುವಾರ ಫೋನು. "ಅಕ್ಕ, ಅಜ್ಜಿ ಬಂದೈತೆ. ನೀವು ಬರ್ಲೇಬೇಕು."

ನಾಲ್ಕು ಮಹಡಿಯ ಕಟ್ಟಡ, ಕೆಳಗೆ ಬಟ್ಟೆ ಅಂಗಡಿ. ಅಜ್ಜಿ ಮದುವೆಗೆ ಬಂದಂತೆ ರೇಷ್ಮೆ ಸೀರೆ ಉಟ್ಟಿದ್ದರು. ಬಾಗಿಲು ತೆರೆಯಿತು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಚಪ್ಲಿ ಹಾಕ್ಕಬೋದು ಅಜ್ಜಿ."

"ಸುಮ್ಕಿರೇ, ಮೊದ್ಲು ಇಳ್ಸು."

ಒಂದು ಕೈಯಲ್ಲಿ ನನ್ನ ಮುಂಗೈ, ಇನ್ನೊಂದರಲ್ಲಿ ಮೊಮ್ಮಗಳ ಭುಜ ಹಿಡಿದು ಕಣ್ಣು ಮುಚ್ಚಿದರು. ಲಿಫ್ಟು ಏರಿತು. ಚೈತ್ರ ಮೆತ್ತಗೆ ಹೇಳುತ್ತಲೇ ಇದ್ದಳು. "ಈಗ ನಾವಿರೋ ಬಿಂದಿಗೆ ಏರ್ತಾ ಐತೆ, ಆ ಕಡೇದು ಇಳೀತಾ ಐತೆ. ಈಗ ಸಣ್ಣಗೆ ಒಂದು ಜಗ್ಗು ಬತ್ತದೆ, ಅದು ಬ್ರೇಕು, ಎದರಬ್ಯಾಡ." ಜಗ್ಗಿತು. ನಾಲ್ಕನೇ ಮಹಡಿ. ಮತ್ತೆ ಕೆಳಗೆ. ಬಾಗಿಲು ತೆರೆಯಿತು, ಬಟ್ಟೆ ಅಂಗಡಿಯ ಗೊಂಬೆಗಳು ಕಂಡವು.

ಅಜ್ಜಿ ಒಂದು ಕಣ್ಣು ಬಿಟ್ಟರು. "ಇಷ್ಟೇನಾ?"

"ಇಷ್ಟೇ."

"ಅಂಗಾರೆ ಅವತ್ತಿನ್ ಎರಡು ಅರಕೇಲಿ ಒಂದು ದಂಡ."

ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಅರಿಶಿನ. "ಎಲ್ಲೈತೆ ಕಾಗ್ದ? ತತ್ತಾ."

ಪತ್ರ ಮೈಸೂರಿನ ಸಂಸ್ಥೆಯ ಫೈಲಿನಲ್ಲಿತ್ತು. ವಾಪಸು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಇಬ್ಬರ ಮುಖವನ್ನೂ ನೋಡಿದರು, ಲಿಫ್ಟನ್ನು ನೋಡಿದರು. ಆಮೇಲೆ ಬಾಗಿದರು. ಬಾಗಿಲು ಹಾದುಹೋಗುವ ಕೆಳಗಿನ ಉಕ್ಕಿನ ಪಟ್ಟಿಗೆ, ಮನೆಯ ಹೊಸಿಲಿಗೆ ಹಚ್ಚುವಂತೆಯೇ, ಎಡದ ತುದಿಗೊಂದು ಬಲದ ತುದಿಗೊಂದು ಬೆರಳು ಅರಿಶಿನ ಹಚ್ಚಿದರು.

"ಏಯ್ ಅಜ್ಜೀ, ಏನ್ ಮಾಡ್ತಿದೀಯ?" ಎಂದು ವಾಚ್‌ಮನ್ ಓಡಿಬಂದ.

"ಬಾಕಿ ತೀರಿಸ್ತಾವ್ನಿ ಕಣ್ಲಾ, ಬಿಡು," ಎಂದರು ಅಜ್ಜಿ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಚೈತ್ರ ಅಲ್ಲೇ ನಿಂತು ಆ ಎರಡು ಬೊಟ್ಟುಗಳನ್ನು ದಾಟದೆ ನೋಡುತ್ತಿದ್ದಳು.

ಹುಡುಗಿಯರೇ, ಕೆಲಸ ಇದೇ. ಪ್ರಿಂಟರಿಗೆ ಅರ್ಧ ಟಿಕೆಟ್ ಕೇಳಿದರೆ ಕೊಡಬೇಡಿ. ನಡುವಿನ ಎಲೆ ಎಳೆದು ನೋಡಿ. ಪ್ರತಿ ಎಷ್ಟೇ ತೆಗೆಯಿರಿ, ಯಾವುದು ನಿಜದ್ದು ಎಂದು ಯಾರಾದರೂ ಕೇಳಿದರೆ, ನನ್ನ ಹಾಗೆ ಅವಸರಪಟ್ಟು ಎರಡೂ ಎನ್ನಬೇಡಿ.

ಮಧ್ಯಾಹ್ನ ಒಂದೂವರೆ ಆಯಿತು. ಕೊನೆಗೊಂದು ವಿಷಯ ಮಾತ್ರ ನನ್ನ ದಿನಚರಿಯಲ್ಲಿ ಇನ್ನೂ ಖಾಲಿ ಉಳಿದಿದೆ. ನಾಲ್ಕು ಮೂಲೆಗೆ ಹಚ್ಚುವುದು ಎಲ್ಲರಿಗೂ ಗೊತ್ತು. ಎರಡು ಹಚ್ಚಿ ಎರಡು ಬಾಕಿ ಇಡುವುದು ಅರಕಲಗೂಡು ಕಡೆಯ ಹಳೆಯ ಪದ್ಧತಿಯೋ, ಪುಟ್ಟಮ್ಮಜ್ಜಿಯ ಸ್ವಂತ ಕಾನೂನೋ? ಅವರನ್ನೇ ಕೇಳಿದರೆ "ಎಲ್ರೂ ಮಾಡ್ತಾರೆ ಕಣವ್ವ" ಎನ್ನುತ್ತಾರೆ. ನಾನು ಕೇಳಿದ ಯಾರೂ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿಯ ಕಾಲದಲ್ಲಿ ಇಂಥದ್ದನ್ನು ಕಂಡವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಪತ್ರದಲ್ಲಿ ಕಲೆ, ತಿದ್ದುಪಡಿ ಇದ್ದರೂ ಪರಿಗಣಿಸಲಾಗುವುದು.